ಕೆಂಪು ಬಟ್ಟೆ ಕಟ್ಟಿದ ಕೋಲು

ಹೋದ ವಾರ ಪಿರಿಯಾಪಟ್ಟಣದಿಂದ ರಾವಂದೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹೊರಗೆ ಸೋನೆ. ಗಾಜು ಎಳ್ಕೊಳ್ರಮ್ಮ ಅಂತ ಕಂಡಕ್ಟರು ಎರಡು ಸಲ ಕೂಗಿದರು, ನಾನು ಎಳೆಯಲಿಲ್ಲ. ರಸ್ತೆ ಪಕ್ಕದ ಬ್ಯಾರನ್‌ಗಳಿಂದ ಹೊಗೆಸೊಪ್ಪು ಹದವಾಗುವ ವಾಸನೆ ಬರುತ್ತಿತ್ತು. ಬೆಲ್ಲ ಕಾಸುವಾಗ ಬರುವಂಥ ಒಂದು ಸಿಹಿ, ಅದರ ಬೆನ್ನಿಗೇ ಮೂಗಿನೊಳಗೆ ಚುರ್ ಅನ್ನುವ ಘಾಟು. ಹಿಂದಿನ ಸೀಟಿನವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ನಾಚಿಕೆ, ಸಂತೋಷ ಎರಡೂ ಒಟ್ಟಿಗೇ ಆದವು. ಆ ವಾಸನೆ ಬಂದರೆ ಸಾಕು, ಎರಡು ವರ್ಷದ ಹಿಂದಿನ ಆಷಾಢ ನೆನಪಾಗುತ್ತದೆ. ರೆಹಾನಾ ಅನ್ನುವ ಹೆಣ್ಣುಮಗಳಿಗೆ ನಾನು ಮಾಡಿದ ಅನ್ಯಾಯವೂ ನೆನಪಾಗುತ್ತದೆ.

ನಾನು ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಹೆಸರು ಜಯಂತಿ, ಹುಟ್ಟಿದ್ದು ಹೊಸ ಅಗ್ರಹಾರದಲ್ಲಿ. ನಾಲಿಗೆ ಸ್ವಲ್ಪ ಚುರುಕು ಅಂತ ನಮ್ಮನೆಯವರು ಮರ್ಯಾದೆಯಿಂದ ಹೇಳುತ್ತಾರೆ. ವಿದ್ಯಾರ್ಥಿಗಳು ಏನನ್ನುತ್ತಾರೋ, ನಾನು ಕೇಳಲು ಹೋಗಿಲ್ಲ.

ಕೆಲವು ವರ್ಷದ ಹಿಂದೆ ಅವ್ವನ ಕಣ್ಣು ಮಂಜಾಯಿತು. ದಿನಾ ಬೆಳಿಗ್ಗೆ ಪೇಪರು ಹಿಡಿದು ‘ಓದಮ್ಮ, ಓದಮ್ಮ’ ಅಂತ ನನ್ನ ಹಿಂದೆ ಬೀಳೋಳು. ನನಗೆ ಕಾಲೇಜಿಗೆ ಹೊತ್ತಾಗೋದು. ಇದು ಆಗುವ ಮಾತಲ್ಲ ಅಂತ ಫೋನೇ ಓದಿ ಹೇಳುವ ಒಂದು ಆ್ಯಪ್ ಮಾಡಿದೆ. ಪೇಪರಿನ ಮೇಲೆ ಫೋನು ಹಿಡಿದರೆ ಅದು ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ. ಹೆಸರೂ ‘ಓದಮ್ಮ’ ಅಂತಲೇ ಇಟ್ಟೆ. ದನಿ ಯಾರದ್ದಿರಬೇಕು ಅನ್ನುವ ಪ್ರಶ್ನೆ ಬಂದಾಗ ಅವ್ವ ಮುಲಾಜೇ ಇಲ್ಲದೆ ಅಂದಳು: ‘ನೀನ್ ಓದುದ್ರೆ ಬೈದಂಗಿರ್ತದೆ ಕಣೆ ಜಯಿ. ಭಾಗ್ಯ ಓದ್ಲಿ ಬುಡು.’ ಭಾಗ್ಯ ನನ್ನ ಅಕ್ಕ, ರಾವಂದೂರಿಗೆ ಕೊಟ್ಟಿದ್ದೇವೆ. ಪಾಪ, ತವರಿಗೆ ಬಂದು ಹದಿನೈದು ದಿನ ಫ್ಯಾನು ಆರಿಸಿ, ಸದ್ದು ಬರಬಾರದೆಂದು ಕಂಬಳಿ ಹೊದ್ದು, ಬೆವರಿಳಿಸಿಕೊಂಡು ಮೈಕಿನ ಮುಂದೆ ಕೂತು ಪದ ಪದ ಓದಿಕೊಟ್ಟಳು. ಓದಮ್ಮನ ದನಿ ಅಂದರೆ ನಮ್ಮಕ್ಕನ ದನಿ.

ಆ ಆ್ಯಪನ್ನು ನಾನು ಬಚ್ಚಿಟ್ಟುಕೊಳ್ಳಲಿಲ್ಲ. ಒಳಗಿನ ಕೋಡೆಲ್ಲ ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ತೆರೆದಿಟ್ಟೆ. ಓಪನ್ ಸೋರ್ಸ್ ಅಂದರೆ ಇಷ್ಟೇ: ಯಾರಾದರೂ ಬಳಸಬಹುದು, ಕೆಟ್ಟಿದ್ದರೆ ಸರಿಮಾಡಿ ಕಳಿಸಬಹುದು. ಬಂದದ್ದನ್ನು ನೋಡಿ, ಸರಿಯಿದ್ದರೆ ಸೇರಿಸಿಕೊಳ್ಳುವುದಕ್ಕೆ ಒಂದಿಬ್ಬರು ಬೇಕು. ಧಾರವಾಡದವರೊಬ್ಬರು, ಮಂಗಳೂರಿನವರೊಬ್ಬರು ಕೈಜೋಡಿಸಿದರು. ಅವರಿಬ್ಬರ ಮುಖವನ್ನೂ ನಾನು ನೋಡಿಲ್ಲ. ಹೊಸಬರು ಕಳಿಸಿದ್ದನ್ನು ಮೊದಲು ನೋಡುವ ಕೆಲಸ ನಂದು, ನಾನೇ ಕೇಳಿ ಪಡೆದದ್ದು. ಕಾಲೇಜಿನಲ್ಲಿ ಅಟೆಂಡೆನ್ಸು ಹಾಕುವವಳಿಗೆ ಇನ್ನೇನು ಕೊಡುತ್ತಾರೆ! ಮಾರುದ್ದದ ನಿಯಮಗಳನ್ನು ಬರೆದು ಹಾಕಿದೆ. ಯಾರಾದರೂ ಹೆಚ್ಚುಕಮ್ಮಿ ಮಾಡಿ ಕಳಿಸಿದರೆ ‘ನಿಯಮ ಓದಿ ಬನ್ನಿ’ ಅಂತ ಬರೆದು ಮುಚ್ಚುತ್ತಿದ್ದೆ. ಬಹಳ ಜನ ಮತ್ತೆ ಬರುತ್ತಿರಲಿಲ್ಲ. ಕಸ ಕಮ್ಮಿಯಾಯಿತು ಅಂದುಕೊಳ್ಳುತ್ತಿದ್ದೆ. ಅವ್ವ ತೀರಿಕೊಂಡ ಮೇಲೂ ಓದಮ್ಮ ಉಳಿಯಿತು, ಕಣ್ಣು ಕಾಣದ ಎಷ್ಟೋ ಜನ ಅದನ್ನು ನೆಚ್ಚಿಕೊಂಡಿದ್ದರು.

ಆ ವರ್ಷ ಆಷಾಢಕ್ಕೆ ಮುಂಚೆ ಫೋನುಗಳಿಗೆಲ್ಲ ಹೊಸ ಅಪ್‌ಡೇಟ್ ಬಂತು, ಓದಮ್ಮ ಮೂಕಿಯಾದಳು. ಆ್ಯಪ್ ತೆರೆಯುತ್ತದೆ, ಅಕ್ಷರ ಹಿಡಿಯುತ್ತದೆ, ದನಿ ಮಾತ್ರ ಇಲ್ಲ. ದನಿಯ ಭಾಗ ಬರೆದಿದ್ದು ಧಾರವಾಡದವರು, ಅವರು ಹೊಸ ಕೆಲಸಕ್ಕೆ ಸೇರಿ ಉಸಿರಾಡಲೂ ಪುರುಸೊತ್ತಿಲ್ಲ ಅಂದರು. ಮಂಗಳೂರಿನವರ ಮನೆಯಲ್ಲಿ ಬಾಣಂತನ. ನಾನು ತಲೆ ಕೆರೆದುಕೊಂಡು ಕೂತೆ, ಏನೂ ಸಿಗಲಿಲ್ಲ. ಅಷ್ಟರಲ್ಲಿ ಹೊಸಬಳೊಬ್ಬಳ ಸಂದೇಶ ಬಂತು. ಕೋಡಿನ ಯಾವ ಸಾಲು ಬದಲಾಯಿತು ಅಂತ ತೋರಿಸುವ ಕ್ರಮವೊಂದಿದೆ, ಅದೇನೂ ಇಲ್ಲ. ಇಡೀ ಆ್ಯಪನ್ನೇ ಒಂದು ಜಿಪ್ ಫೈಲಿನಲ್ಲಿ ತುಂಬಿ, ತನ್ನ ಡ್ರೈವಿನ ಲಿಂಕ್ ಹಾಕಿದ್ದಾಳೆ. ಜೊತೆಗೆ ಎರಡು ಸಾಲು: ‘ಅಬ್ಬಾಗೆ ಪೇಪರ್ ಓದ್ತಾ ಇರ್ಲಿಲ್ಲ, ಅದಕ್ಕೆ ಸರಿ ಮಾಡಿದೀನಿ ಮೇಡಂ. ಇದೇ ಮೊದಲನೇ ಸಲ, ತಪ್ಪಿದ್ರೆ ಹೇಳಿ. ಹುಣಸೂರಿಂದ ರೆಹಾನಾ.’

ನಾನು ಆ ಲಿಂಕ್ ಒತ್ತಲೂ ಇಲ್ಲ. ಎಲ್ಲರೂ ನೋಡುವ ಜಾಗದಲ್ಲಿ ಬರೆದೆ: ‘ನಿಯಮ ಓದಿಲ್ಲ. ಮೂಟೆ ಕಟ್ಟಿ ತಂದು ಸುರಿಯುವ ಜಾಗ ಇದಲ್ಲ. ಮುಚ್ಚಿದ್ದೇನೆ.’ ಹತ್ತು ನಿಮಿಷಕ್ಕೆ ಅವಳ ಉತ್ತರ ಬಂತು. ‘ಆಯ್ತು ಮೇಡಂ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.’ ಅಷ್ಟೇ. ನಾನು ಚಪಾತಿ ಲಟ್ಟಿಸಲು ಹೋದೆ.

ಅದೇ ವಾರ ಭಾವನ ಫೋನು. ಅಕ್ಕ ಬ್ಯಾರನ್ ಗುಡಿಸುವಾಗ ಏಣಿಯಿಂದ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಹುಣಸೂರಿನ ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕಿದ್ದರು. ಹೊಲದಲ್ಲಿ ಸೊಪ್ಪು ಹಣ್ಣಾಗಿ ನಿಂತಿತ್ತು, ಅದೇನು ಅಕ್ಕನ ಕೈ ಕೂಡುವ ತನಕ ಕಾಯುತ್ತದೆಯೇ? ನಮ್ಮ ಕಾಲೇಜಿಗೆ ರಜೆ ಶುರುವಾಗಿತ್ತು. ಲ್ಯಾಪ್‌ಟಾಪು, ಎರಡು ಹಳೇ ಸೀರೆ ತುಂಬಿಕೊಂಡು ಹೊರಟೆ. ಒಂದು ಎಲೆ ಕಟ್ಟೋದು ಏನು ಮಹಾ ವಿದ್ಯೆ ಅಂದುಕೊಂಡೇ ಹೋದೆ.

ಬ್ಯಾರನ್ ಅಂದರೆ ಎರಡಾಳು ಎತ್ತರದ, ಕಿಟಕಿಯಿಲ್ಲದ ಕೋಣೆ. ಹೊರಗಿನ ಒಲೆಗೆ ಸೌದೆ ಹಾಕುತ್ತಾರೆ, ಆ ಬಿಸಿ ದಪ್ಪ ಪೈಪುಗಳಲ್ಲಿ ಒಳಗೆ ನೆಲದ ಮೇಲೆಲ್ಲ ಹರಿಯುತ್ತದೆ. ಸೊಪ್ಪನ್ನು ಕೋಲುಗಳಿಗೆ ಕಟ್ಟಿ, ಪೈಪಿನ ಮೇಲೆ ಅಟ್ಟ ಅಟ್ಟವಾಗಿ ನೇತುಹಾಕುತ್ತಾರೆ. ಐದಾರು ದಿನಕ್ಕೆ ಹಸಿರು ಹೋಗಿ ಹೊನ್ನಿನ ಬಣ್ಣ ಬರುತ್ತದೆ. ಕಟ್ಟುವ ಕೆಲಸ ಹೆಂಗಸರದು. ಅಕ್ಕನ ಮನೆಯ ಚಪ್ಪರದಲ್ಲಿ ಏಳೆಂಟು ಜನ ಕೂತು ಕಟ್ಟುತ್ತಿದ್ದರು, ಅವರಿಗೆಲ್ಲ ಹಿರಿಯಳು ಚಿಕ್ಕತಾಯಮ್ಮ. ಬಾಯಲ್ಲಿ ಹಲ್ಲು ಅಷ್ಟಕ್ಕಷ್ಟೆ, ಕೈ ಮಾತ್ರ ಮಿಷಿನ್ನು.

ನಾನು ಮೊದಲ ಕೋಲು ಎತ್ತಿಕೊಂಡೆ. ಹಿಡಿ ತುಂಬ ಎಲೆ ಬಾಚಿ ದಾರ ಬಿಗಿದೆ. ಬಿಗಿದದ್ದು ಬಿಗಿದಲ್ಲೇ ಮುರಿಯಿತು, ಬಿಗಿಯದ್ದು ಜಾರಿತು. ಅರ್ಧ ಗಂಟೆಗೆ ಕೈಯೆಲ್ಲ ಕರ್ರಗೆ ಅಂಟಂಟು, ಹಸಿ ಸೊಪ್ಪಿನ ಘಾಟಿಗೆ ತಲೆ ಗಿರ್ರಂತ ತಿರುಗಿತು. ಹೊಟ್ಟೆ ತೊಳಸಿ ಚಪ್ಪರದ ಹಿಂದೆ ಓಡಿದೆ. ವಾಪಸು ಬಂದಾಗ ಎಲ್ಲರೂ ನಗುತ್ತಾರೆ ಅಂತ ಮುಖ ಗಂಟು ಹಾಕಿಕೊಂಡೇ ಬಂದೆ. ಯಾರೂ ನಗಲಿಲ್ಲ. ಒಬ್ಬಳು ನಿಂಬೆಹಣ್ಣಿನ ನೀರು ಕೊಟ್ಟಳು. ಚಿಕ್ಕತಾಯಮ್ಮ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

‘ಬಾವ್ವ, ಇಲ್ ಕೂತ್ಕೊ. ಸೊಪ್ಪಿನ್ ಕುತ್ಗೆ ಯಾಕಂಗೆ ಇಸುಕ್ತೀಯಾ, ಅದೇನ್ ಮಾಡಿತ್ತು ನಿಂಗೆ? ಇಡಿ ತುಂಬ ಇಡ್ಕಬ್ಯಾಡ. ಮೂರ್ ಮೂರೇ ಎಲೆ ತಕೊ. ನನ್ ಕೈ ನೋಡ್ಕಂಡು ಕಟ್ಟು.’

‘ನಾನು ಕಟ್ಟಿದ್ದು ನಿಲ್ಲುತ್ತಾ ಅಜ್ಜಿ?’

‘ಮೊದಲ್ನೇ ದಿನ ಯಾರ್ದು ನಿಂತದೆ? ನಿಮ್ಮಕ್ಕ ಮದ್ವೆಯಾಗಿ ಬಂದ ವರ್ಸ ಕಟ್ಟಿದ್ ನೋಡ್ಬೇಕಿತ್ತು ನೀನು!’ ಅಂದಳು. ಪ್ಲಾಸ್ಟರ್ ಕೈ ಎತ್ತಿಕೊಂಡು ಜಗುಲಿಯಲ್ಲಿ ಕೂತಿದ್ದ ಅಕ್ಕ ‘ಸುಮ್ನಿರಜ್ಜಿ, ಮಾನ ತೆಗೀಬ್ಯಾಡ’ ಅಂತ ಅಲ್ಲಿಂದಲೇ ಕೂಗಿದಳು.

ಸಂಜೆ ಹೊತ್ತಿಗೆ ನಾನು ಒಂಬತ್ತು ಕೋಲು ಕಟ್ಟಿದ್ದೆ, ಉಳಿದವರ ಲೆಕ್ಕ ಬೇಡ. ಚಿಕ್ಕತಾಯಮ್ಮ ಹಳೇ ಸೀರೆಯ ಕೆಂಪು ಚೂರು ಹರಿದು ನನ್ನ ಕೋಲುಗಳ ತುದಿಗೆ ಒಂದೊಂದು ಕಟ್ಟಿದಳು. ಬ್ಯಾರನ್ ಏರಿ ನಿಂತಿದ್ದ ಭಾವನಿಗೆ ‘ಕೆಂಪ್ ಬಟ್ಟೇವು ಬಾಗ್ಲು ಮೂಲ್ಗೆ ಕಣಪ್ಪ’ ಅಂದಳು. ನನಗೆ ರೇಗಿಹೋಯಿತು.

‘ಯಾಕಜ್ಜಿ, ನಂದು ಮಾತ್ರ ಬೇರೆ? ದಡ್ಡಿ ಅಂತ ಬೋರ್ಡ್ ಹಾಕಿದಂಗಾಯ್ತಲ್ಲ!’

‘ಬೋರ್ಡ್ ಯಾಕವ್ವ ಆದದು? ಪೈಪಿನ್ ಮ್ಯಾಲೆ ಎಲೆ ಉದುರುದ್ರೆ ಬೆಂಕಿ ಅತ್ಕತ್ತದೆ, ಬ್ಯಾರನ್ನೇ ಓಯ್ತದೆ. ಆ ಬಾಗ್ಲು ಮೂಲೇಲಿ ಪೈಪಿಲ್ಲ. ಅಲ್ಲಿ ನಿಂದು ಉದುರುದ್ರೂ ಯಾರ್ಗೂ ಏನೂ ಇಲ್ಲ, ನೀನ್ ಎದ್ರುಕೊಂಡು ಕಟ್ಟೋದ್ ಬ್ಯಾಡ. ಇಳ್ಸೋವಾಗ ನಿಂದ್ಯಾವ್ದು ಅಂತ ನಿಂಗೆ ಗೊತ್ತಾಗ್ಬೇಕಲ್ಲ, ಅದ್ಕೆ ಬಟ್ಟೆ. ನಂಗೂ ನಮ್ಮತ್ತೆ ಅಂಗೇ ಕಟ್ಟಿದ್ಲು.’

ಆರನೇ ದಿನ ಬ್ಯಾರನ್ ಇಳಿಸಿದರು. ಚಿಕ್ಕತಾಯಮ್ಮ ಬೇರೆ ಕೋಲು ಮುಟ್ಟುವ ಮೊದಲೇ ನನ್ನನ್ನು ಕರೆದಳು. ನನ್ನ ಒಂಬತ್ತರಲ್ಲಿ ಎರಡು ಕೋಲು ಹೆಚ್ಚುಕಮ್ಮಿ ಬೋಳು, ಎಲೆಯೆಲ್ಲ ಕೆಳಗೆ ಉದುರಿತ್ತು. ಉಳಿದ ಏಳರಲ್ಲಿ ಎಲೆ ಹೊನ್ನಿನ ಹಾಗೆ ನೇತಾಡುತ್ತಿತ್ತು. ಬೋಳಾದ ಕೋಲನ್ನು ಮಡಿಲಲ್ಲಿಟ್ಟುಕೊಂಡು, ದಾರ ಎಲ್ಲಿ ಸಡಿಲವಾಯಿತು ಅಂತ ನನ್ನ ಬೆರಳು ಹಿಡಿದು ತೋರಿಸಿದಳು. ಆಮೇಲೆ ಉಳಿದವರಿಗೆ ‘ನೋಡ್ರೇ, ಏಳ್ ಕೋಲ್ ನಿಲ್ಸವ್ಳೆ ಮೇಡಮ್ಮು’ ಅಂತ ಸಾರಿದಳು. ನಾನು ಪಿಎಚ್.ಡಿ. ಪಡೆದಾಗ ಕೂಡ ಅಷ್ಟು ಹಿಗ್ಗಿರಲಿಲ್ಲ, ಸುಳ್ಳು ಹೇಳೋದಿಲ್ಲ.

‘ನೀವು ಯಾರನ್ನೂ ಬಯ್ಯೋದೇ ಇಲ್ವಾ ಅಜ್ಜಿ?’ ಅಂತ ಕೇಳಿದೆ.

ಅವಳು ದಾರ ಕಡಿಯುತ್ತ ಅಂದಳು: ‘ಬೈದ್ರೆ ನಾಳಿಕ್ ಬತ್ತಾಳಾ? ಅವ್ಳು ಬರ್ನಿಲ್ಲ ಅಂದ್ರೆ ಸೊಪ್ಪ್ ಯಾರ್ ಕಟ್ಟಾರು? ನೀನ್ ಕಟ್ಟಿಯಾ?’

ಚಪ್ಪರವೆಲ್ಲ ನಕ್ಕಿತು, ನಾನೂ ನಕ್ಕೆ. ನಗುತ್ತಲೇ ಆ ಜಿಪ್ ಫೈಲು ನೆನಪಾಯಿತು. ‘ಇದೇ ಮೊದಲನೇ ಸಲ, ತಪ್ಪಿದ್ರೆ ಹೇಳಿ’ ಅಂತ ಒಬ್ಬಳು ಕೇಳಿದ್ದಳು. ನಾನು ತಪ್ಪು ಹೇಳಿರಲೇ ಇಲ್ಲ, ಕೋಲು ಕಿತ್ತುಕೊಂಡು ಹೊರಗೆ ಕಳಿಸಿದ್ದೆ. ಅವಳು ಕಟ್ಟಿದ್ದನ್ನು ಬಿಚ್ಚಿ ನೋಡುವಷ್ಟೂ ಮರ್ಯಾದೆ ಕೊಟ್ಟಿರಲಿಲ್ಲ.

ಆ ಮಧ್ಯಾಹ್ನವೇ ಜಗುಲಿಯಲ್ಲಿ ಕೂತು ಅವಳ ಲಿಂಕ್ ಒತ್ತಿದೆ. ಫೈಲು ಅಳಿಸಿಹೋಗಿದೆ ಅಂತ ಬಂತು. ಕ್ಷಮೆ ಕೇಳಿ ಬರೆದೆ, ಉತ್ತರವಿಲ್ಲ. ಮತ್ತೆ ಎರಡು ಸಲ ಬರೆದೆ. ಅವಳು ಆ ಕಡೆ ತಲೆಯನ್ನೇ ಹಾಕಿರಲಿಲ್ಲವೇನೋ. ಈ ನಡುವೆ ಬೀಚನಹಳ್ಳಿಯಿಂದ ರಿಟೈರ್ಡ್ ಮೇಷ್ಟ್ರೊಬ್ಬರ ದನಿ ಸಂದೇಶ ಬಂತು. ಮೊದಲಿಂದ ಓದಮ್ಮನನ್ನು ಬಳಸುತ್ತಿದ್ದವರು. ‘ಜಯಂತಮ್ಮ, ನನ್ನ ಕಣ್ಣು ಒಂದ್ಸಲ ಹೋಗಿತ್ತು, ನೀವು ವಾಪಸು ಕೊಟ್ಟಿದ್ರಿ. ಈಗ ಇನ್ನೊಂದ್ಸಲ ಹೋದಂಗಾಗಿದೆ. ಯಾವಾಗ ಸರಿಹೋಗುತ್ತೆ?’ ಅಷ್ಟೇ ಇದ್ದದ್ದು, ಬೈಗುಳ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏನು ಹೇಳಲಿ ಅವರಿಗೆ? ಸರಿಮಾಡಿ ತಂದವಳನ್ನು ನಾನೇ ಅಟ್ಟಿದೆ ಅಂತ ಹೇಳಲೇ? ದಿನಾ ಸೊಪ್ಪು ಕಟ್ಟಿ, ಕೈಯ ಅಂಟು ಹೋಗಲು ಹುಣಸೆಹಣ್ಣು ತಿಕ್ಕಿ, ಆಮೇಲೆ ಕೋಡಿನ ಮುಂದೆ ಕೂರುತ್ತಿದ್ದೆ. ಓದಮ್ಮ ಬಾಯಿ ಬಿಡಲಿಲ್ಲ.

ಶ್ರಾವಣ ಬಂತು. ಅಕ್ಕನ ಪ್ಲಾಸ್ಟರ್ ಬಿಚ್ಚಿಸಲು ಹುಣಸೂರಿಗೆ ಹೋದೆವು. ಆಸ್ಪತ್ರೆಯಿಂದ ಬರುವಾಗ ಮಳೆ ಹನಿಯಿತು ಅಂತ ಮರದ ಕೆಲಸದ ಅಂಗಡಿಗಳಿರುವ ಒಂದು ಓಣಿಗೆ ನುಗ್ಗಿ, ಸೂರಿನ ಕೆಳಗೆ ನಿಂತೆವು. ಕೊರೆದ ತೇಗದ ವಾಸನೆ, ಎಲ್ಲೋ ಗರಗಸ ಕಿರ್ರ್ ಅನ್ನುತ್ತಿದೆ. ಗರಗಸ ನಿಂತಾಗ ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

‘ಲೇ ಜಯಿ! ಯಾರೋ ನನ್ ದನೀಲಿ ಮಾತಾಡ್ತಾವ್ರೆ ಕಣೆ!’

ಹೌದು. ಎರಡು ಬಾಗಿಲಾಚೆ ಒಂದು ಮನೆಯೊಳಗೆ ನಮ್ಮಕ್ಕ ಪೇಪರು ಓದುತ್ತಿದ್ದಳು. ಕಬಿನಿಗೆ ಒಳಹರಿವು ಹೆಚ್ಚಾಗಿದೆ, ನದಿ ದಂಡೆಯವರು ಎಚ್ಚರವಾಗಿರಬೇಕು ಅಂತ ಸ್ಪಷ್ಟವಾಗಿ, ಒಂದೂ ತಡವರಿಸದೆ. ಹೊಸ ಅಪ್‌ಡೇಟ್ ಬಂದ ಅಷ್ಟೂ ಫೋನುಗಳಲ್ಲಿ ಓದಮ್ಮ ಮೂಕಿ. ಮಾಡಿದವಳ ಫೋನಿನಲ್ಲೂ ಮೂಕಿ. ಇಲ್ಲಿ, ಈ ಓಣಿಯಲ್ಲಿ ಮಾತ್ರ ಓದುತ್ತಿದ್ದಾಳೆ.

ಬಾಗಿಲು ತೆರೆದೇ ಇತ್ತು. ಈಜಿ ಚೇರಿನಲ್ಲಿ ಕಪ್ಪು ಕನ್ನಡಕದ ಹಿರಿಯರು ಕೂತಿದ್ದರು. ಮೂವತ್ತರ ಆಸುಪಾಸಿನ ಹೆಂಗಸು ಒಳಗಿನಿಂದ ಬಂದು ‘ಯಾರು ಬೇಕಿತ್ತು?’ ಅಂದಳು. ‘ರೆಹಾನಾ?’ ಅಂದೆ. ‘ಹೌದು, ನೀವು?’ ಹೆಸರು ಹೇಳಿದೆ. ಅವಳ ಮುಖ ಬಿಗಿದುಕೊಂಡಿತು.

‘ಓ. ಮೂಟೆ ಅಂದ ಮೇಡಂ ನೀವೇನಾ?’

‘ನಾನೇ ಕಣಮ್ಮ’ ಅಂದೆ. ಅಕ್ಕನೇ ಮುಂದೆ ಬಂದು ‘ಸಾಹೇಬ್ರೆ, ನಮಸ್ಕಾರ’ ಅಂದಳು. ಹಿರಿಯರು ಕುರ್ಚಿಯಲ್ಲಿ ನೆಟ್ಟಗಾದರು. ಫೋನು ಕೆಳಗಿಟ್ಟು, ತಲೆ ಓರೆ ಮಾಡಿ, ‘ಇನ್ನೊಂದ್ಸಲ ಮಾತಾಡಿ ಅಮ್ಮ’ ಅಂದರು. ಅಕ್ಕ ಏನು ಮಾತಾಡಬೇಕೋ ತಿಳಿಯದೆ ‘ಮಳೆ ಬತ್ತಾ ಐತೆ’ ಅಂದಳು.

‘ಯಾ ಅಲ್ಲಾ! ನೀವೇ! ಮೂರು ವರ್ಷದಿಂದ ನಮ್ಮನೇಲಿ ದಿನಾ ಬೆಳಿಗ್ಗೆ ಮಾತಾಡ್ತಿದೀರಿ, ಒಂದಿನಾನೂ ಚಾ ಕುಡಿದಿಲ್ಲ ನೀವು. ರೆಹಾನಾ, ಚಾ ಇಡಮ್ಮ!’ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. ರೆಹಾನಾಳ ಅಬ್ಬಾ ಗೌಸ್ ಸಾಹೇಬರು ಮೂವತ್ತು ವರ್ಷ ಮರದ ಲೇತಿನಲ್ಲಿ ಮಂಚದ ಕಾಲು ಕಡೆದವರು, ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡಿದ್ದರು. ರೆಹಾನಾ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ಕೋಡು ಬರೆಯೋದನ್ನು ಫೋನಿನ ವಿಡಿಯೋ ನೋಡಿಯೇ ಕಲಿತದ್ದು, ಅದೂ ಅಬ್ಬಾನ ಫೋನು ಸರಿಮಾಡಬೇಕು ಅಂತ.

ಚಾ ಕೊಡುವಾಗ ಅವಳು ನನ್ನ ಮುಖ ನೋಡದೆ ಅಂದಳು: ‘ನಿಯಮ ಓದಿಲ್ಲ ಅಂದ್ರಿ. ಓದಿದ್ದೆ ಮೇಡಂ, ನಾಲ್ಕು ಸಲ ಓದಿದ್ದೆ. ಡಿಕ್ಷನರಿ ಇಟ್ಕೊಂಡು ಓದಿದ್ದೆ. ಕನ್ನಡ ಓದೋ ಆ್ಯಪಿಗೆ ಬರೀ ಇಂಗ್ಲಿಷಲ್ಲಿ ಬರೆದಿದ್ದೀರಲ್ಲ, ನನಗೆ ಅರ್ಧ ಅರ್ಥ ಆಗಲಿಲ್ಲ.’

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ. ‘ತಪ್ಪು ನಂದು ರೆಹಾನಾ. ನೀನು ಕಳಿಸಿದ್ದನ್ನ ತೆಗೆದೂ ನೋಡ್ಲಿಲ್ಲ ನಾನು. ಇನ್ನೊಂದ್ಸಲ ಕಳಿಸ್ತೀಯಾ?’

‘ಬೇಡ ಮೇಡಂ. ಅಬ್ಬಾದು ಓದ್ತಿದೆ, ನನಗಷ್ಟು ಸಾಕು. ಎಲ್ಲರ ಎದುರಿಗೆ ಮತ್ತೆ ಅನ್ನಿಸ್ಕೊಳ್ಳೋಕೆ ಆಗಲ್ಲ.’

ನ್ಯಾಯವಾದ ಮಾತು. ಫೋನು ತೆಗೆದು ಬೀಚನಹಳ್ಳಿ ಮೇಷ್ಟ್ರ ಸಂದೇಶ ಕೇಳಿಸಿದೆ. ಗೌಸ್ ಸಾಹೇಬರು ಅದನ್ನು ಎರಡು ಸಲ ಕೇಳಿದರು. ಆಮೇಲೆ ಮಗಳ ಕಡೆ ತಿರುಗಿ ತಮ್ಮ ಫೋನನ್ನು ಅವಳ ಮುಂದೆ ಚಾಚಿದರು. ಅವಳು ಒಳಗೆ ಹೋಗಿ ಲ್ಯಾಪ್‌ಟಾಪು ತಂದಳು.

‘ಎಲ್ಲ ಒಟ್ಟಿಗೆ ಬೇಡ’ ಅಂದೆ. ‘ಮೂರು ಮೂರೇ ಎಲೆ.’ ಅವಳಿಗೆ ಅರ್ಥವಾಗಲಿಲ್ಲ. ಸೊಪ್ಪಿನ ಕಥೆ ಹೇಳಿದೆ, ನನ್ನ ಬೋಳು ಕೋಲಿನ ಕಥೆಯನ್ನೂ ಹೇಳಿದೆ, ಆಗ ಮೊದಲ ಸಲ ನಕ್ಕಳು. ನೆಲದ ಮೇಲೆ ಚಾಪೆ ಹಾಕಿ ಅಕ್ಕಪಕ್ಕ ಕೂತೆವು. ಅವಳ ಮೂಟೆಯಲ್ಲಿ ನಿಜವಾಗಿ ಬೇಕಾದದ್ದು ನಾಲ್ಕೇ ಸಾಲು. ಎರಡು ತಿಂಗಳು ನನಗೆ ಕಾಣದ ನಾಲ್ಕು ಸಾಲು! ಅವಳ ಕೈಯಿಂದಲೇ, ಅವಳ ಹೆಸರಿನಲ್ಲೇ ಸೇರಿಸಿದೆವು. ಎಲ್ಲರೂ ನೋಡುವ ಜಾಗದಲ್ಲಿ, ನಾನು ‘ಮೂಟೆ’ ಅಂತ ಬರೆದ ಸಾಲಿನ ಕೆಳಗೇ ಬರೆದೆ: ‘ಇವರು ಸರಿಮಾಡಿ ತಂದಿದ್ದರು. ನಾನು ನೋಡದೆ ವಾಪಸು ಕಳಿಸಿದೆ. ತಪ್ಪು ನನ್ನದು.’ ಬರೆಯುವಾಗ ಅವಳು ಪಕ್ಕದಲ್ಲೇ ಕೂತು ಓದುತ್ತಿದ್ದಳು.

ಮೇಷ್ಟ್ರ ಉತ್ತರ ಮಾರನೇ ದಿನ ಬಂತು. ಮಾತಿರಲಿಲ್ಲ. ಅವರ ಮನೆಯಲ್ಲಿ ನಮ್ಮಕ್ಕ ಪಂಚಾಂಗ ಓದುತ್ತಿದ್ದ ಸದ್ದು, ಅಷ್ಟೇ.

ಆಮೇಲೆ ಆ ನಿಯಮಗಳನ್ನು ಕಿತ್ತು ಹಾಕಿ ರೆಹಾನಾ ಜೊತೆ ಕೂತು ಕನ್ನಡದಲ್ಲಿ ಒಂದೇ ಪುಟ ಬರೆದೆವು. ತಪ್ಪಾದರೂ ಯಾರ ಫೋನೂ ಕೆಡದಂಥ ಸಣ್ಣ ಸಣ್ಣ ಕೆಲಸಗಳನ್ನು ಬೇರೆ ತೆಗೆದು, ಅದಕ್ಕೆ ‘ಬಾಗಿಲ ಮೂಲೆ’ ಅಂತ ಹೆಸರಿಟ್ಟೆವು. ಅಲ್ಲಿಗೆ ಬಂದವರ ಕೆಲಸಕ್ಕೆ ಒಂದು ಕೆಂಪು ಗುರುತು ಬೀಳುತ್ತದೆ. ಹೊಸಬರು, ಯಾರಾದರೂ ಜೊತೆಗೆ ಕೂತು ನೋಡಿ ಅಂತ ಅದರ ಅರ್ಥ. ಮೊದಲು ನೋಡುವ ಕೆಲಸ ಈಗ ನನ್ನದಲ್ಲ, ರೆಹಾನಾಳದ್ದು. ನನ್ನ ಚುರುಕು ನಾಲಿಗೆ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ, ಕಾಲೇಜಿನ ಮೀಟಿಂಗುಗಳಿವೆಯಲ್ಲ.

ಹೋದ ವಾರ ರಾವಂದೂರಿನಲ್ಲಿ ಇಳಿದವಳು ಚೀಲ ಜಗುಲಿ ಮೇಲೆಸೆದು ಸೀದಾ ಚಪ್ಪರಕ್ಕೆ ಹೋದೆ. ಚಿಕ್ಕತಾಯಮ್ಮ ಅಲ್ಲೇ ಕೂತಿದ್ದಳು, ಕೈ ಇನ್ನೂ ಮಿಷಿನ್ನೇ. ತಲೆ ಎತ್ತದೆ ಕೇಳಿದಳು:

‘ಏನವ್ವ, ಆ ಉಣ್ಸೂರ್ ಉಡ್ಗಿ ಬಂದ್ಲಾ?’

‘ಅಂದೇ ಬಂದ್ಲಲ್ಲ ಅಜ್ಜಿ, ಹೇಳಿದ್ನಲ್ಲ.’

‘ಅಂದು ಬಂದಿದ್ ಗೊತ್ತು. ಆಮ್ಯಾಕೂ ಬತ್ತಾ ಅವ್ಳಾ ಅಂತ ಕೇಳ್ದೆ.’

‘ದಿನಾ ಬತ್ತಾಳೆ. ಜೊತೇಲಿ ಇನ್ನೂ ನಾಕು ಜನಾನ ಕರ್ಕೊಂಡು ಬತ್ತಾಳೆ.’

‘ಅಂಗಾರೆ ಸರಿ ಬುಡು’ ಅಂತ ಸರಿದು ಜಾಗ ಮಾಡಿದಳು. ಕೂತೆ. ಒಂದು ಕೋಲು ನನ್ನ ಮಡಿಲಿಗೆ ಹಾಕಿದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕೆಂಪು ಬಟ್ಟೆಯ ಚೂರು ತೆಗೆದು ಅದರ ತುದಿಗೆ ಕಟ್ಟಿದಳು.

‘ಎಲ್ಡ್ ವರ್ಸ ಆಯ್ತಲ್ಲವ್ವ, ಕೈ ಮರ್ತಿರ್ತದೆ’ ಅಂದಳು.

ಈ ಸಲ ನಾನು ರೇಗಲಿಲ್ಲ. ಮೂರು ಎಲೆ ಎತ್ತಿಕೊಂಡು, ಅವಳ ಕೈ ನೋಡಿಕೊಂಡು ಕಟ್ಟಲು ಶುರುಮಾಡಿದೆ.